ಐದರವನ ಪಕ್ಕ ಹನ್ನೊಂದರವಳು

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಕ್ಯುಪರ್ಟಿನೋ ಕಡೆ ಬೆಳೆಯುವ ಮಗುವಿಗೆ ತನಗಿಂತ ನಾಲ್ಕು ವರ್ಷ ಚಿಕ್ಕವರ ಜತೆ ಒಂದು ಗಂಟೆ ಕಳೆಯುವುದು ಅಷ್ಟು ಸುಲಭವಲ್ಲ. ಶಾಲೆಗೆ ಸೆಪ್ಟೆಂಬರ್ 1ರ ಗಡಿ. ಅಷ್ಟರೊಳಗೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್, ಮರುದಿನ ತುಂಬಿದರೆ ಇನ್ನೊಂದು ವರ್ಷ ಕಾಯಬೇಕು. ಮೊದಲು ಡಿಸೆಂಬರ್ 2ಕ್ಕಿದ್ದ ಈ ಗಡಿಯನ್ನು 2010ರ ಕಾಯ್ದೆಯ ಪ್ರಕಾರ ತಿಂಗಳು ತಿಂಗಳಾಗಿ ಹಿಂದೆ ಸರಿಸಿ, 2014ಕ್ಕೆ ಸೆಪ್ಟೆಂಬರ್‌ಗೆ ತಂದು ನಿಲ್ಲಿಸಿದರು. ಸಾಕರ್‌ನಲ್ಲಿ ಎಂಟರೊಳಗಿನವರ ತಂಡ ಬೇರೆ, ಹತ್ತರೊಳಗಿನವರ ತಂಡ ಬೇರೆ. ಹುಟ್ಟುಹಬ್ಬಕ್ಕೆ ಬರುವವರೂ ಒಂದೇ ಕ್ಲಾಸಿನವರು. ತಮ್ಮನನ್ನೂ ಕರೆತರಬಹುದಾ ಎಂದು ತಾಯಂದಿರು ಮೊದಲೇ ಮೆಸೇಜ್ ಮಾಡಿ ಕೇಳಿಕೊಳ್ಳುತ್ತಾರೆ.

ನಾನು ಪಾಠ ಹೇಳುವ ಭಾನುವಾರದ ಕನ್ನಡ ತರಗತಿ ಈ ಲೆಕ್ಕದಿಂದ ಹೊರಗುಳಿದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ. ನಮಗಿದ್ದದ್ದು ಒಂದೇ ಕೋಣೆ, ಬರುತ್ತಿದ್ದ ಸ್ವಯಂಸೇವಕರು ಬೆರಳೆಣಿಕೆಯವರು. ವಯಸ್ಸಿಗೂ ಕನ್ನಡಕ್ಕೂ ಇಲ್ಲಿ ಸಂಬಂಧವೂ ಇಲ್ಲ. ಬೆಂಗಳೂರಿನಿಂದ ಈಚೆಗೆ ಬಂದ ಆರು ವರ್ಷದವನು ಪಟಪಟ ಮಾತಾಡುತ್ತಾನೆ. ಇಲ್ಲೇ ಹುಟ್ಟಿದ ಹತ್ತರ ಹುಡುಗಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿ ಮಾತ್ರ ತಿರುಗುವುದಿಲ್ಲ. ಹಾಗಾಗಿ ಎಲ್ಲರನ್ನೂ ಒಟ್ಟಿಗೇ ಕೂರಿಸಿದೆವು.

ಒಂದು ದಿನ ಐದು ವರ್ಷದ ಹುಡುಗನೊಬ್ಬ ‘ಸೂರ್ಯ’ ಎಂಬ ಪದವನ್ನು ‘ಸೂಯರ್’ ಎಂದು ಓದಿದ. ಅವನದೇನು ತಪ್ಪು? ಕಣ್ಣಿಗೆ ಕಾಣುವ ಕ್ರಮ ಅದೇ ತಾನೆ. ಅರ್ಕಾವೊತ್ತು ಕೂರುವುದು ಕೊನೆಗೆ, ಉಚ್ಚಾರವಾಗುವುದು ಮೊದಲು. ನಾನು ಬೋರ್ಡಿನ ಮೇಲೆ ಬಿಡಿಸಿ ಬರೆದು ತೋರಿಸಿದೆ. ಅವನು ತಲೆಯಾಡಿಸಿ ಮತ್ತೆ ‘ಸೂಯರ್’ ಎಂದ. ಪಕ್ಕದಲ್ಲಿದ್ದ ಹನ್ನೊಂದರ ಹುಡುಗಿ ಅವನ ಪುಸ್ತಕ ತನ್ನತ್ತ ಎಳೆದುಕೊಂಡು ಹೇಳಿದಳು: “ನೋಡು, ರ ಲೇಟಾಗಿ ಬಂತು. ಸೋ ಲೈನಲ್ಲಿ ಲಾಸ್ಟ್. ಬಟ್ ಅಟೆಂಡೆನ್ಸ್‌ನಲ್ಲಿ ಅದರ ನೇಮ್ ಫಸ್ಟ್.”

ಹುಡುಗ ‘ಸೂರ್ಯ’ ಓದಿದ. ‘ಸರ್ಪ’ವನ್ನೂ ಓದಿದ. ಆಮೇಲೆ ‘ಚಕ್ರ’ದ ಮೇಲೆ ಬೆರಳಿಟ್ಟು ಕೇಳಿದ: “ಇದರಲ್ಲೂ ರ ಇದೆಯಲ್ಲ, ಇದು ಯಾಕೆ ಕೆಳಗೆ?”

ಅವಳ ಕತೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಕಿಟಕಿಯ ಕಡೆ ನೋಡಿದೆ. ಸ್ವಲ್ಪ ಹೊತ್ತು ‘ಕ್ರಮ’, ‘ಕರ್ಮ’ ಎಂದು ತನ್ನಷ್ಟಕ್ಕೇ ಗುನುಗಿ, ಎರಡನ್ನೂ ಬರೆದು ನೋಡಿ, ರ ನಿಜವಾಗಿಯೂ ಆಮೇಲೆ ಕೇಳಿಸಿದಾಗ ಕೆಳಗೆ ಹೋಗುತ್ತದೆ ಎಂದು ಕಂಡುಕೊಂಡಳು. ಒತ್ತಕ್ಷರವನ್ನು ಅವಳು ಹಿಂದಿನ ವರ್ಷವೇ ‘ಕಲಿತಿದ್ದಳು’. ಅಭ್ಯಾಸದ ಹಾಳೆಯಲ್ಲಿ ಎಲ್ಲ ಸರಿಯಾಗಿಯೇ ಬರೆದಿದ್ದಳು. ಆದರೆ ಯಾಕೆ ಹಾಗೆ ಎಂದು ಅವಳನ್ನು ಕೇಳಿದವನು ಈ ಐದು ವರ್ಷದವನೇ ಮೊದಲು. ನಾನು ಕೇಳಿದ್ದರೆ ಅದು ಪರೀಕ್ಷೆಯಾಗುತ್ತಿತ್ತು, ಅವಳ ಓರಗೆಯವರು ಕೇಳುತ್ತಲೇ ಇರಲಿಲ್ಲ.

ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ದೊಡ್ಡವರಿಗೆ ಸಿಗುವುದೇ ಹೆಚ್ಚು ಎಂದು ನನಗೀಗ ಅನ್ನಿಸುತ್ತದೆ. ಇದು ಹೊಸ ಮಾತೇನಲ್ಲ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ತನ್ನ ಜಿಲ್ಲೆಯ 533 ಶಾಲೆಗಳ ಬಗ್ಗೆ ಮದರಾಸಿಗೆ ವರದಿ ಕಳಿಸಿದ. ಅಲ್ಲಿ ಕಲಿಸುತ್ತಿದ್ದ ಪುಸ್ತಕಗಳ ವಿಷಯದಲ್ಲಿ ಅವನಿಗೆ ತಕರಾರುಗಳಿದ್ದವು. ಆದರೆ ಮುಂದಿರುವ ಹುಡುಗರು ಹಿಂದಿರುವವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಮನಸಾರೆ ಮೆಚ್ಚಿದ. ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಸರಿಯೇ ಎಂದ. ಮದರಾಸಿನ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ಈ ಪದ್ಧತಿಯನ್ನು ಬಳಸಿ, 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ತಂದಿದ್ದ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲೂ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಗೆಳೆಯರ ನೆರವಿನಿಂದ ಕಲಿಯುವವರಿಗೆಂದೇ ಗುಂಪುಗಳಿವೆ. ಬೇ ಏರಿಯಾದಲ್ಲಿ ಇದೇ ಏರ್ಪಾಟನ್ನು ಮಾಂಟೆಸರಿ ಹೆಸರಿನಲ್ಲಿ ದುಬಾರಿ ಫೀಸು ತೆತ್ತು ಕೊಳ್ಳುವವರು ಬೇಕಾದಷ್ಟು ಜನ.

ಓದಿನ ವಿಷಯದಲ್ಲಿ ಇನ್ನೊಂದು ಲಾಭ ಕಂಡೆ. ಹನ್ನೆರಡು ವರ್ಷದ ಹುಡುಗನ ಕನ್ನಡಕ್ಕೆ ತಕ್ಕ ಪುಸ್ತಕ ಎಂದರೆ ಪುಟಕ್ಕೊಂದು ಸಾಲಿನ, ಆನೆಮರಿಯ ಚಿತ್ರದ ಪುಸ್ತಕ. ಅವನಿಗೇ ಓದಲು ಕೊಟ್ಟರೆ ಅವಮಾನ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಪುಕ್ಕಟೆ ಸಿಗುವ ಮೊದಲ ಹಂತದ ಕತೆಯೊಂದನ್ನು ತೆರೆದು, “ಈ ಪುಟಾಣಿಗೆ ಓದಿ ಹೇಳಪ್ಪ” ಎಂದರೆ ಗತ್ತಿನಿಂದ ಓದುತ್ತಾನೆ, ತಡವರಿಸುತ್ತಾನೆ, ಮತ್ತೆ ಓದುತ್ತಾನೆ. ಪುಟಾಣಿ ನಗುವುದಿಲ್ಲ. ಅದಕ್ಕೆ ಆನೆಮರಿ ಮುಂದೇನು ಮಾಡಿತು ಎಂಬುದಷ್ಟೇ ಮುಖ್ಯ.

ನಾನು ಬೆಳೆದ ತೀರ್ಥಹಳ್ಳಿಯ ಬೀದಿಯಲ್ಲಿ ಲಗೋರಿಗೆ ವಯಸ್ಸಿನ ತಂಡಗಳಿರಲಿಲ್ಲ. ತೀರಾ ಚಿಕ್ಕವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವರು ಓಡಬಹುದು, ಕಿರುಚಬಹುದು, ಔಟ್ ಆಗುವಂತಿಲ್ಲ. ಆಟದ ಒಳಗಿದ್ದುಕೊಂಡೇ ನೋಡಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಈಗ ತರಗತಿ ಮುಗಿದ ಮೇಲೆ ನಮ್ಮ ಮಕ್ಕಳು ಒರ್ಟೆಗಾ ಪಾರ್ಕಿನ ಹುಲ್ಲಿನ ಮೇಲೆ ಕ್ರಿಕೆಟ್ ಆಡುತ್ತಾರೆ. ಯಾರೂ ಹೇಳಿಕೊಡದೆಯೇ ಅವರೂ ಅಂಥದ್ದೇ ಕಾನೂನು ಮಾಡಿಕೊಂಡಿದ್ದಾರೆ. ಆರರೊಳಗಿನವರಿಗೆ ಅಂಡರ್‌ಆರ್ಮ್ ಬೌಲಿಂಗ್, ಮೊದಲ ಮೂರು ಚೆಂಡಿಗೆ ಔಟಿಲ್ಲ. ಶನಿವಾರದ ಲೀಗಿನಲ್ಲಿ ಸೋತು ಬ್ಯಾಟ್ ಬಿಸಾಕುವ ಹುಡುಗನೇ ಇಲ್ಲಿ ಚಿಕ್ಕವನಿಗೆ ನಿಧಾನವಾಗಿ ಚೆಂಡು ಹಾಕುತ್ತಾನೆ.

ಎಲ್ಲ ಜೋಡಿಯೂ ಕೂಡಿಬರುವುದಿಲ್ಲ. ಐದಕ್ಕೂ ಆರೂವರೆಗೂ ಪೆನ್ಸಿಲ್ ಜಗಳ. ಹದಿನಾಲ್ಕರವರಿಗೆ ತಾಳ್ಮೆಯಿಲ್ಲ, ಚಿಕ್ಕವನ ಕೈ ಸರಿಸಿ ತಾವೇ ಬರೆದು ಮುಗಿಸುತ್ತಾರೆ. ಅವರಲ್ಲಿ ಕೆಲವರು ಬರುವುದು ಕಾಲೇಜು ಅರ್ಜಿಗೆ ಬೇಕಾದ ವಾಲಂಟಿಯರ್ ಗಂಟೆಗಳಿಗಾಗಿ. ಅದನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಗಡಿಯಾರ ನೋಡುವ ಅಣ್ಣನನ್ನು ಚಿಕ್ಕವರು ಬೇಗ ಗುರುತಿಸುತ್ತಾರೆ. ಮೂರರಿಂದ ಆರು ವರ್ಷದ ಅಂತರವಿದ್ದರೆ, ಅದೂ ಒಂದೇ ಏಟಿಗೆ ಅರ್ಧ ಗಂಟೆ ಮೀರದಿದ್ದರೆ, ಸರಿಹೋಗುತ್ತದೆ.

ಒಬ್ಬ ತಾಯಿ ನೇರವಾಗಿಯೇ ಕೇಳಿದರು: “ನನ್ನ ಮಗಳು ಇಲ್ಲಿಗೆ ಕಲಿಯೋಕೆ ಬರ್ತಾಳಾ, ಕಲಿಸೋಕೆ ಬರ್ತಾಳಾ ಮೇಡಂ?” ನ್ಯಾಯವಾದ ಪ್ರಶ್ನೆ. ದೊಡ್ಡ ಮಕ್ಕಳನ್ನು ಸಂಬಳವಿಲ್ಲದ ಆಯಾಗಳನ್ನಾಗಿ ಮಾಡುವುದು ನಮ್ಮ ಮನೆಗಳಲ್ಲೂ ಇರುವ ಹಳೇ ಚಾಳಿ, ಹೆಣ್ಣುಮಕ್ಕಳ ವಿಷಯದಲ್ಲಂತೂ ಹೇಳುವುದೇ ಬೇಡ. ಆಮೇಲಿಂದ ತರಗತಿಯ ಕೊನೆಯ ಅರ್ಧ ಗಂಟೆ ದೊಡ್ಡವರಿಗೇ ಮೀಸಲು. ಅವರು ದಿನಪತ್ರಿಕೆ ಓದುತ್ತಾರೆ, ರಾಜ್ಯೋತ್ಸವದ ನಾಟಕಕ್ಕೆ ಮಾತು ಬರೆಯುತ್ತಾರೆ, ಒಬ್ಬರ ಕನ್ನಡವನ್ನು ಇನ್ನೊಬ್ಬರು ಆಡಿಕೊಳ್ಳುತ್ತಾರೆ. ಆ ಹೊತ್ತಿಗೆ ಚಿಕ್ಕವರನ್ನು ಹೊರಗೆ ಆಡಿಸುವ ಕೆಲಸ ಅಪ್ಪಂದಿರದು, ಮೊಬೈಲನ್ನು ಕಾರಿನಲ್ಲೇ ಬಿಟ್ಟು ಬರಬೇಕೆಂಬ ಷರತ್ತಿನ ಮೇಲೆ.