ದ್ಯೂತವ್ಯಸನದ ಕುರುಹುಗಳು

ಸಪ್ತವ್ಯಸನಗಳಲ್ಲಿ ದ್ಯೂತವು ಮೊದಲನೆಯದು. ಯುಧಿಷ್ಠಿರನು ಶಾಸ್ತ್ರವರಿಯದವನಲ್ಲ, ಕಳೆದುದನ್ನು ಮರಳಿ ಗೆಲ್ಲುವೆನೆಂಬ ಆಸೆಯೇ ಅವನನ್ನು ನೆತ್ತದ ಹಲಗೆಯಿಂದ ಏಳಗೊಡಲಿಲ್ಲ. ಮುಖ್ಯ ಕುರುಹು ಇದೇ. ಪಣವನ್ನು ಏರಿಸುತ್ತ ಹೋಗುವುದು, ಆಡದ ದಿನ ಸಿಡುಕುವುದು, ಸಾಲವನ್ನು ಮುಚ್ಚಿಡುವುದು ಇದರ ಬೆನ್ನಿಗೇ ಬರುತ್ತವೆ. ಈಗ ಹಲಗೆಯು ಅಂಗೈಯ ಮೊಬೈಲಿನಲ್ಲಿರುವುದರಿಂದ ಅಷ್ಟಮಿಯ ಉಪವಾಸದಲ್ಲಿ ಕುಳಿತವನ ಆಟವೂ ಮನೆಯವರಿಗೆ ಕಾಣದು.

ಋಣವನ್ನು ತೀರಿಸಿಕೊಟ್ಟು ತ್ಯಾಗದ ನಿಯಮ ಕೊಡಿಸಿದರೆ ಸಾಕೆಂದು ಹಿರಿಯರು ಭಾವಿಸುವುದುಂಟು. ಅದು ಸಾಲದು. ನಿಯಮಭಂಗವಾದವನು ನಾಚಿಕೆಯಿಂದ ಇನ್ನಷ್ಟು ಮರೆಮಾಚುತ್ತಾನೆ. ಪ್ರಾಯಶ್ಚಿತ್ತದ ಭೇದಗಳಲ್ಲಿ ಆಲೋಚನೆಯನ್ನು, ಅಂದರೆ ಗುರುವಿನೆದುರು ದೋಷವನ್ನು ಮರೆಯಿಲ್ಲದೆ ನಿವೇದಿಸುವುದನ್ನು, ಉಮಾಸ್ವಾಮಿಗಳು ಮೊದಲಿಗಿರಿಸಿರುವುದು ಸುಮ್ಮನಲ್ಲ. ಮನೋವೈದ್ಯರೆದುರಿಗೂ ಹಾಗೆಯೇ ನುಡಿಯಬೇಕು. ಇದು ವೈದ್ಯಶಾಸ್ತ್ರವೂ ಒಪ್ಪಿದ ರೋಗ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ ಮನೆಯವರೂ ಹಗಲಿರುಳೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.