ತಣ್ಣನೆಯ ಪ್ಲಾಸ್ಮಾ, ಚಿನ್ನದ ಕಣ: ಲ್ಯಾಬ್ ಕಲಿಸಿದ ಪಾಠಗಳು

1. ತಣ್ಣನೆಯ ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಅಯಾನೀಕರಿಸಿದ ಅನಿಲ, ಮತ್ತು ನ್ಯಾನೋಕಣ ಸೇರಿಸಿ ಕೋಶ ಕೊಲ್ಲುವ ಈ ಕ್ಷೇತ್ರಕ್ಕೆ ಬರುವ ಹುಡುಗರು ಬಹುತೇಕ ಒಂದೇ ಸುದ್ದಿ ಹಿಡಿದು ಬರುತ್ತಾರೆ. 2009ರಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಪ್ರತಿಕಾಯ ಅಂಟಿಸಿದ ಚಿನ್ನದ ನ್ಯಾನೋಕಣಗಳನ್ನು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳಿಗೆ ಬಿಟ್ಟು, ಮೇಲೆ ಗಾಳಿಯ ಪ್ಲಾಸ್ಮಾ ಹಾಯಿಸಿತು. ಬರೀ ಪ್ಲಾಸ್ಮಾಗಿಂತ ಸುಮಾರು ಐದು ಪಟ್ಟು ಕೋಶಗಳು ಸತ್ತವು. ಸಂತೋಷ. ಆದರೆ ನಿಮ್ಮ ಮೇಜಿನ ಮೇಲೆ ಮೊದಲು ಐದು ತಟ್ಟೆ ಇರಲಿ: ಏನೂ ಮಾಡದ್ದು, ವಿದ್ಯುತ್ ಇಲ್ಲದೆ ಬರೀ ಅನಿಲ ಊದಿದ್ದು, ಕಣ ಮಾತ್ರ, ಪ್ಲಾಸ್ಮಾ ಮಾತ್ರ, ಎರಡೂ ಸೇರಿದ್ದು. ಎರಡನೆಯದನ್ನು ಬಿಡುವವರೇ ಹೆಚ್ಚು. ಒಣ ಅನಿಲ ಒಂದೇ ಸಮ ಬಡಿದರೆ ಮೇಲಿನ ದ್ರವ ಆರಿಯೇ ಕೋಶ ಸಾಯುತ್ತದೆ.

2. ಕೊಲ್ಲುವುದು ಪ್ಲಾಸ್ಮಾ ಜೆಟ್‌ನ ನೇರಳೆ ಜ್ವಾಲೆಯಲ್ಲ, ಅದು ದ್ರವದಲ್ಲಿ ಬಿಟ್ಟುಹೋದದ್ದು. ಜೆಟ್‌ನ ಬಿಸಿ 40 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತೇವೆ, ಬೆರಳಿಟ್ಟರೂ ಸುಡುವುದಿಲ್ಲ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್ ಉಳಿಯುತ್ತವೆ. ಕೋಶ ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಪೈರುವೇಟ್ ಇದ್ದರೆ ಅದು ಪೆರಾಕ್ಸೈಡನ್ನು ನುಂಗಿಹಾಕುತ್ತದೆ. ಹಾಗಾಗಿ ಅದೇ ಪ್ಲಾಸ್ಮಾ ಒಂದು ಲ್ಯಾಬ್‌ನಲ್ಲಿ ಹುಲಿ, ಇನ್ನೊಂದರಲ್ಲಿ ಇಲಿ. ಮೀಡಿಯಂ ಯಾವುದು, ಎಷ್ಟು ಆಳ, ನಳಿಕೆ ಎಷ್ಟು ದೂರ ಎಂದು ಬರೆಯದ ಪ್ರಬಂಧವನ್ನು ನಾನು ಪೂರ್ತಿ ಓದುವುದಿಲ್ಲ. ಒಂದು ತಟ್ಟೆಗೆ ಪೆರಾಕ್ಸೈಡನ್ನು ಒಡೆಯುವ ಕಿಣ್ವ ಕ್ಯಾಟಲೇಸ್ ಹಾಕಿ ನೋಡಿ. ಕೋಶಗಳು ಬದುಕಿಕೊಂಡರೆ ಕೆಲಸ ಪೆರಾಕ್ಸೈಡಿನದು ಎಂದಾಯಿತು.

3. ಚಿನ್ನದ ಬಣ್ಣ ನೋಡುತ್ತಿರಿ. ಒಂಟೊಂಟಿಯಾಗಿ ತೇಲುವ ಸಣ್ಣ ಕಣಗಳ ದ್ರಾವಣ ಮಾಣಿಕ್ಯದ ಕೆಂಪು. 520 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ. ರಕ್ಷಣೆಯ ಹೊದಿಕೆ ಸರಿಯಿಲ್ಲದೆ ಉಪ್ಪುನೀರಿಗೆ ಬಿದ್ದರೆ ಗಂಟುಕಟ್ಟಿ ನೀಲಿಗೆ ತಿರುಗುತ್ತದೆ. ಆಮೇಲೆ ನೀವು ಪರೀಕ್ಷಿಸುತ್ತಿರುವುದು ಕೊಂಡ ಕಣವನ್ನಲ್ಲ. ಇನ್ನೊಂದು ಬಲೆ: ಬದುಕಿದ ಕೋಶಗಳನ್ನು ಅಳೆಯುವ ಎಂಟಿಟಿ ಪರೀಕ್ಷೆಯ ನೇರಳೆಯನ್ನು 570ರ ಹತ್ತಿರ ಓದುತ್ತೇವೆ, ಚಿನ್ನವೂ ಅಲ್ಲಿ ತನ್ನ ಪಾಲು ಸೇರಿಸುತ್ತದೆ. ಸತ್ತವರೂ ಲೆಕ್ಕದಲ್ಲಿ ಬದುಕಿಬಿಡುತ್ತಾರೆ.

4. ಬೆಳ್ಳಿಯ ದಾರಿಯೇ ಬೇರೆ. ಪ್ಲಾಸ್ಮಾ ಹುಟ್ಟಿಸಿದ ಪೆರಾಕ್ಸೈಡ್ ಬೆಳ್ಳಿಕಣವನ್ನು ಕರಗಿಸಿ ಅಯಾನು ಮಾಡುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ಮಾರಕ, ಚರ್ಮದ ಕೋಶಕ್ಕೂ ಪೂರ್ತಿ ನಿರಪಾಯವಲ್ಲ.

5. ಕಣ ಮೊದಲೋ, ಪ್ಲಾಸ್ಮಾ ಮೊದಲೋ? 2018ರಲ್ಲಿ ಡಬ್ಲಿನ್‌ನ ತಂಡ ತೋರಿಸಿದಂತೆ, ಪ್ಲಾಸ್ಮಾ ತಗುಲಿದ ಮೆದುಳು ಗೆಡ್ಡೆಯ ಕೋಶಗಳು ಚಿನ್ನದ ಕಣಗಳನ್ನು ಹೆಚ್ಚು ಒಳಗೆಳೆದುಕೊಂಡವು. ಹಿಂದುಮುಂದು ಮಾಡಿ ಎರಡೂ ಕ್ರಮಗಳನ್ನು ಪರೀಕ್ಷಿಸಿ.

6. ಆಸ್ಪತ್ರೆಯ ಮಾತು ಬಂದಾಗ ಬರೀ ಪ್ಲಾಸ್ಮಾದ ಚಿಕಿತ್ಸೆಯನ್ನೂ ಕಣ ಸೇರಿದ ಚಿಕಿತ್ಸೆಯನ್ನೂ ಬೆರೆಸಬೇಡಿ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ಕಿನ್‌ಪೆನ್ ಮೆಡ್ 2013ರಿಂದ ಪ್ರಮಾಣೀಕೃತ ವೈದ್ಯಕೀಯ ಸಾಧನ, ಮಾಯದ ಗಾಯಗಳಿಗೆ ಬಳಕೆಯಲ್ಲಿದೆ. ಅದು ಬರೀ ಆರ್ಗಾನ್ ಪ್ಲಾಸ್ಮಾ. ಕಣ ಸೇರಿದ ಚಿಕಿತ್ಸೆಯ ಪುರಾವೆ ಹೆಚ್ಚಾಗಿ ಕೋಶದ ತಟ್ಟೆಯಲ್ಲಿ, ಸ್ವಲ್ಪ ಇಲಿಯಲ್ಲಿ. ರಕ್ತಕ್ಕೆ ಸೇರಿದ ಚಿನ್ನದ ಬಹುಪಾಲು ಯಕೃತ್ತು, ಗುಲ್ಮಗಳಲ್ಲಿ ಹೋಗಿ ಕೂರುತ್ತದೆ. ಪ್ಲಾಸ್ಮಾ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಆದ್ದರಿಂದ ಚರ್ಮದ ಗೆಡ್ಡೆ, ಇಲ್ಲವೇ ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆ ತೆಗೆದ ಮೇಲೆ ಉಳಿದ ಅಂಚು, ಇವೆರಡನ್ನು ಬಿಟ್ಟು ಬೇರೆ ಗುರಿ ಹೇಳುವ ಪ್ರಸ್ತಾವನೆ ಬಂದರೆ ಮೊದಲು ಕೇಳುವ ಪ್ರಶ್ನೆ: ಜೆಟ್ ಅಲ್ಲಿಗೆ ಹೇಗೆ ತಲುಪುತ್ತದೆ?