ಕೋಬೆ ಉಪಗ್ರಹ: ಹಿನ್ನೆಲೆ ವಿಕಿರಣದ ತಾಪ ಏರಿಳಿತ

ಮಹಾಸ್ಫೋಟದ ಸುಮಾರು 3.8 ಲಕ್ಷ ವರ್ಷಗಳ ನಂತರ ಹೊರಟ ಬೆಳಕೇ ಇಂದಿನ ಮೈಕ್ರೋವೇವ್ ಹಿನ್ನೆಲೆ ವಿಕಿರಣ. ಪತ್ತೆ: ಪೆಂಜಿಯಾಸ್, ವಿಲ್ಸನ್ (1965, ನೊಬೆಲ್ 1978). ಸರಾಸರಿ ತಾಪ 2.725 ಕೆಲ್ವಿನ್.

ಇದರ ಏರಿಳಿತ ಲಕ್ಷದಲ್ಲಿ ಒಂದು ಪಾಲಿನಷ್ಟು. ಇಷ್ಟು ಸಣ್ಣದನ್ನು ಹಿಡಿಯಲು ನಾಸಾದ ಕೋಬೆ (ಉಡಾವಣೆ 1989) ಬಳಸಿದ ಉಪಾಯ ಅದ್ಭುತ: 60 ಡಿಗ್ರಿ ಅಂತರದ ಎರಡು ದಿಕ್ಕುಗಳನ್ನು ಹೋಲಿಸಿ, ತಾಪದ ವ್ಯತ್ಯಾಸವನ್ನಷ್ಟೇ ದಾಖಲಿಸುವುದು. ಆಕಾಶಗಂಗೆಯ ವಿಕಿರಣವನ್ನು ಬೇರ್ಪಡಿಸಲೆಂದೇ ಮೂರು ಆವರ್ತನಗಳಲ್ಲಿ ಅಳತೆ ನಡೆಯಿತು. ಸೌರವ್ಯೂಹದ ಚಲನೆಯಿಂದಾಗುವ ಸುಮಾರು 3.4 ಮಿಲಿಕೆಲ್ವಿನ್ ವ್ಯತ್ಯಾಸವನ್ನೂ ಕಳೆಯಬೇಕಾಯಿತು. ಉಳಿದ ಏರಿಳಿತ 1992ರಲ್ಲಿ ಪ್ರಕಟವಾಯಿತು. ಈ ತಾಪದ ಏರಿಳಿತ ಆಗಿನ ಸಾಂದ್ರತೆಯ ಏರುಪೇರುಗಳ ಗುರುತು; ಗೆಲಾಕ್ಸಿಗಳು ಮೊಳೆತದ್ದು ಅವುಗಳಿಂದಲೇ.

ಕೋಬೆಯ ಅಳತೆಗಳಿಗೆ 2006ರ ಭೌತವಿಜ್ಞಾನ ನೊಬೆಲ್: ಜಾನ್ ಮ್ಯಾಥರ್ (ಈ ವಿಕಿರಣದ ಕೃಷ್ಣಕಾಯ ರೋಹಿತ), ಜಾರ್ಜ್ ಸ್ಮೂಟ್ (ಏರಿಳಿತ).

ಈ ವಿಕಿರಣವನ್ನು ಅಳೆದ ನಂತರದ ನೌಕೆಗಳು: ಡಬ್ಲ್ಯೂಮ್ಯಾಪ್ (ನಾಸಾ, 2001), ಪ್ಲಾಂಕ್ (ಯುರೋಪಿಯನ್ ಸ್ಪೇಸ್ ಏಜೆನ್ಸಿ, 2009).